ತಿದ್ದಿದ ದನಿ

ಮಾರ್ಚ್ ೧

ತಂಗಿಗೆ,

ಆಶೀರ್ವಾದ ಬರೆದು ಶುರು ಮಾಡುವುದು ನನ್ನ ಅಭ್ಯಾಸ. ಈ ಸಲ ಅದನ್ನು ಬಿಟ್ಟಿದ್ದೇನೆ, ಮರೆತದ್ದಲ್ಲ. ನಿನ್ನ ಫೋನಿನಲ್ಲಿ ನನ್ನ ನಂಬರಿಗೆ ಬಾಗಿಲು ಹಾಕಿದ್ದೀಯ. ಕರೆ ಹೋಗುವುದಿಲ್ಲ, ಸಂದೇಶ ಹೋಗುವುದಿಲ್ಲ. ಅಂಚೆಯವನನ್ನು ತಡೆಯುವ ಗುಂಡಿ ಇನ್ನೂ ಬಂದಿಲ್ಲವಾದ್ದರಿಂದ ಈ ಕಾಗದ.

ಅಮ್ಮ ತೀರಿಕೊಂಡು ಏಳು ವಾರವಾಯಿತು. ಅಂದಿನದನ್ನು ಕೆದಕಬಾರದು ಎಂದುಕೊಂಡೇ ಕೂತೆ, ಕೈ ಕೇಳುತ್ತಿಲ್ಲ. ಹೆತ್ತ ತಾಯಿ ಸತ್ತ ಸುದ್ದಿಯನ್ನು ನಲವತ್ತು ಜನರಿರುವ ಕುಟುಂಬದ ಗ್ರೂಪಿನಲ್ಲಿ ‘ಅಮ್ಮ ಹೋದ್ರು’ ಎಂದು ಎರಡೇ ಪದದಲ್ಲಿ ಹಾಕಿ, ಪಕ್ಕದಲ್ಲಿ ಕೈಮುಗಿಯುವ ಬೊಂಬೆ ಇಟ್ಟವಳು ನೀನು. ಕೆಳಗೆ ಸಾಲಾಗಿ ಅಳುವ ಮುಖಗಳು. ದೊಡ್ಡಪ್ಪನ ಮಗ ಹೆಬ್ಬೆರಳು ಒತ್ತಿದ. ಸಾವಿಗೆ ಹೆಬ್ಬೆರಳು! ‘ತಾಯಿಯ ಸಾವನ್ನು ಹೀಗೆ ಬರೆಯುವುದಲ್ಲ’ ಎಂದು ನಾನು ತಿದ್ದಿದ್ದೇ ತಪ್ಪಾಯಿತು. ಅಷ್ಟು ಜನರ ಮುಂದೆ ನನ್ನನ್ನು ‘ಕೆಂಪು ಪೆನ್ನು’ ಎಂದೆ. ಅದಾದ ಮೇಲೆಯೇ ನಾನು ಅಮ್ಮನ ಮಾತನ್ನು ಅಲ್ಲಿ ಹಾಕಿದ್ದು: ‘ಮಗಳು ಸದಾ ಕೆಲಸದಲ್ಲಿ ನಿರತಳಾಗಿರುತ್ತಾಳೆ. ನನ್ನೊಡನೆ ಮಾತನಾಡುವುದಿಲ್ಲ.’ ಅದು ಅವಳೇ ನನಗೆ ಹೇಳಿದ್ದು. ವಾಪಸು ತೆಗೆದುಕೊಳ್ಳುವುದಿಲ್ಲ.

ಈಗ ಕೆಲಸದ ಮಾತು. ನಿನ್ನ ಮನೆಯಲ್ಲಿದ್ದ ಮೂರು ವರ್ಷ ಅಮ್ಮ ತನ್ನ ಫೋನಿನಿಂದ ನನಗೆ ದನಿಯಲ್ಲಿ ಸಂದೇಶ ಕಳಿಸುತ್ತಿದ್ದಳು. ಬರೆಯಲು ಬಾರದವಳು, ಅದೊಂದನ್ನು ಕಲಿತಿದ್ದಳು. ಒಟ್ಟು ಆರುನೂರ ಹನ್ನೊಂದು. ನನ್ನ ಹಳೆಯ ಫೋನು ನೀರಿಗೆ ಬಿದ್ದು ಹಾಳಾಯಿತು. ಅಮ್ಮನ ಫೋನಿನಲ್ಲಿ ಜಾಗ ಸಾಲದೆ ಅವು ಉಳಿಯುತ್ತಿರಲಿಲ್ಲ. ಅವೆಲ್ಲ ಈಗ ಆ ಸಂದೇಶ ಸೇವೆಯ ಕಂಪನಿಯವರ ಬಳಿ ಅಮ್ಮನ ನಂಬರಿನ ಹೆಸರಿನಲ್ಲಿ ಇವೆ. ತೆರೆಯಲು ಆರು ಅಂಕಿಯ ಗುಟ್ಟಿನ ಸಂಖ್ಯೆ ಬೇಕು, ಅದು ಬರುವುದು ನಿನ್ನ ಬಳಿ ಇರುವ ಅಮ್ಮನ ಫೋನಿಗೆ. ಯಾರೂ ಬಳಸದ ಖಾತೆಯೆಂದು ಮಾರ್ಚ್ ಇಪ್ಪತ್ತಕ್ಕೆ ಎಲ್ಲವನ್ನೂ ಅಳಿಸಿಹಾಕುತ್ತಾರಂತೆ. ಆ ಫೋನನ್ನು ಪಾರ್ಸೆಲ್ ಮಾಡು. ಬೇರೇನೂ ಕೇಳುತ್ತಿಲ್ಲ.

ಅಣ್ಣ

&nbsp;

ಮಾರ್ಚ್ ೮

ಅಣ್ಣ,

ನಿನ್ನ ಕಾಗದ ಬಂತು. ಎರಡು ಪುಟದಲ್ಲಿ ಒಂದೂ ಚಿತ್ತುಕಾಟು ಇಲ್ಲ. ಕೋಪ ಬಂದಾಗಲೂ ಮೊದಲು ಕರಡು ಬರೆದುಕೊಂಡು ಆಮೇಲೆ ಚೊಕ್ಕಟ ಪ್ರತಿ ಮಾಡುವವನು ಭೂಮಿಯ ಮೇಲೆ ನೀನೊಬ್ಬನೇ ಇರಬೇಕು.

‘ಅಮ್ಮ ಹೋದ್ರು’ ಎಂದು ಟೈಪ್ ಮಾಡಿದ ಬೆರಳಿನಿಂದಲೇ ಹತ್ತು ನಿಮಿಷದ ಹಿಂದೆ ಅವಳ ಕಣ್ಣು ಮುಚ್ಚಿಸಿದ್ದೆ. ಮೂರನೆಯ ಪದ ಬರಲಿಲ್ಲ. ಆ ಬೊಂಬೆ ಒತ್ತದಿದ್ದರೆ ಅದೂ ಕಳಿಸಲಾಗುತ್ತಿರಲಿಲ್ಲ. ನೀನು ಬಂದೆ, ಎರಡು ಗಂಟೆ ನಿಂತೆ, ಅದೇ ದಿನದ ರೈಲಿಗೆ ಹೊರಟೆ. ಹೋಗುವ ದಾರಿಯಲ್ಲಿ ಗ್ರೂಪಿನಲ್ಲಿ ನನ್ನ ಸಂದೇಶ ತಿದ್ದಿದೆ. ನಿನಗೆ ಸಿಕ್ಕಿದ್ದು ಅಮ್ಮನ ದನಿ. ನನಗೆ ಸಿಕ್ಕಿದ್ದು ಅವಳ ಹಾಸಿಗೆ, ಬೇಸಿನ್ನು, ಮಾತ್ರೆ, ಬೆನ್ನಿನ ಹುಣ್ಣು. ಬೆನ್ನು ಒರೆಸುವಾಗ ಯಾರೂ ಶುದ್ಧ ಭಾಷೆ ಮಾತಾಡುವುದಿಲ್ಲ.

ಮಾತಾಡುವುದಿಲ್ಲ ಎಂದಳಂತೆ. ಇರಬಹುದು. ನನ್ನದು ಒಂದೇ ಹೊತ್ತಿನಲ್ಲಿ ಏಳು ಜನರಿಗೆ ಉತ್ತರ ಕೊಡುವ ಕೆಲಸ. ಏನು ಕೆಲಸ, ಯಾವ ಆಫೀಸು ಎಂದು ನೀನು ಆರು ವರ್ಷದಲ್ಲಿ ಒಮ್ಮೆ ಕೇಳಿದ್ದರೆ ಹೇಳುತ್ತಿದ್ದೆ. ‘ಅವಳದು ಏನೋ ಟೈಪಿಂಗ್’ ಎಂದು ಅತ್ತಿಗೆಗೆ ಹೇಳಿದ್ದೀಯಂತೆ. ಸಾಯಂಕಾಲ ಮನೆಗೆ ಬಂದರೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಆದರೆ ಆ ಮಾತನ್ನು ಅವಳ ಹೆಣ ಮನೆಯಿಂದ ಹೋದ ದಿನವೇ ನಲವತ್ತು ಜನಕ್ಕೆ ಓದಿಸಿದ್ದೀಯಲ್ಲ, ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಫೋನು ಬೀರುವಿನಲ್ಲಿದೆ. ಚಾರ್ಜರ್ ಎಲ್ಲೋ ಇದೆ. ಪುರುಸೊತ್ತಾದಾಗ ನೋಡುತ್ತೇನೆ. ಅಷ್ಟು ಅವಸರವಿದ್ದರೆ ಕಂಪನಿಯವರನ್ನೇ ಕೇಳು. ಇಂಥದ್ದಕ್ಕೆಂದೇ ಉತ್ತರ ಕೊಡುವವರನ್ನು ಇಟ್ಟಿರುತ್ತಾರೆ.

ತಂಗಿ

&nbsp;

ಮಾರ್ಚ್ ೧೫

ತಂಗಿಗೆ,

ಅಮ್ಮನ ಫೋನು ಇನ್ನು ಬೇಡ. ಬೀರುವಿನಲ್ಲೇ ಇಟ್ಟು ಪೂಜೆ ಮಾಡು.

ನೀನು ಹೇಳಿದಂತೆ ಕಂಪನಿಯವರ ಪುಟದಲ್ಲಿ ಬರೆದು ಕೇಳಿದೆ. ಆ ಕಡೆ ಇದ್ದವಳು ‘ಸಹಾಯಕಿ ೧೭’. ಹೆಸರಿಲ್ಲ. ನಾನು ಮರ್ಯಾದೆಯಾಗಿ ‘ಮಾನ್ಯರೇ, ನಮಸ್ಕಾರ’ ಎಂದು ತೊಡಗಿ, ಸಂಗತಿಯನ್ನು ಬರೆಯುತ್ತಿದ್ದೆ. ಬೆರಳು ನಿಧಾನ, ನಿಜ. ಮುಗಿಸುವ ಮೊದಲೇ ಪರದೆಯ ಮೇಲೆ ಬಂತು: ‘ನಾಲ್ಕು ನಿಮಿಷ ನಿಮ್ಮಿಂದ ಉತ್ತರ ಬಾರದ ಕಾರಣ ಸಂಭಾಷಣೆ ಮುಕ್ತಾಯವಾಗಿದೆ.’ ನಾಲ್ಕು ನಿಮಿಷ! ಪ್ರೆಸ್ಸಿನಲ್ಲಿ ಒಂದು ವಾಕ್ಯ ಸರಿಯಿದೆಯೇ ಎಂದು ನಾನು ಅದಕ್ಕಿಂತ ಹೆಚ್ಚು ಹೊತ್ತು ಕೂತಿದ್ದೇನೆ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಮೊದಲು ಹಾಳೆಯಲ್ಲಿ ಬರೆದುಕೊಂಡು, ನಿನ್ನ ಅತ್ತಿಗೆಯ ಕೈಲಿ ಟೈಪ್ ಮಾಡಿಸಿ, ಇಡಿಯಾಗಿ ಕಳಿಸಿದೆ. ಮೂವತ್ತೊಂದು ಸಾಲು. ಅಷ್ಟಕ್ಕೂ ಎಂಟು ಸೆಕೆಂಡಿನಲ್ಲಿ ಉತ್ತರ ಬಂತು. ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದೇನೆ, ಹಾಗೇ ಇಳಿಸುತ್ತೇನೆ:

‘ನಿಮಗಾದ ಅಡಚಣೆಗೆ ವಿಷಾದಿಸುತ್ತೇವೆ. ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಸೂಕ್ತ ಕ್ರಮಕ್ಕೆ ನಾವು ಬದ್ಧರಾಗಿದ್ದೇವೆ. ನಿಮ್ಮ ಸಮಸ್ಯೆ ಬಗೆಹರಿದಿದೆ.’

ಇಂಥ ಭಾಷೆಯನ್ನು ಬರೆಯುವವಳಿಗೆ ತಾಯಿ ಇರುವುದೇ ಅನುಮಾನ. ಸತ್ತವಳ ದನಿ ಉಳಿಸಿಕೊಡಿ ಎಂದರೆ ‘ಅಡಚಣೆ’ಯಂತೆ. ನನ್ನ ಕೈಯಲ್ಲಿ ಸಿಕ್ಕಿದ್ದರೆ ಆ ನಾಲ್ಕೂ ವಾಕ್ಯಕ್ಕೆ ಅಡ್ಡಗೆರೆ ಎಳೆದು ವಾಪಸು ಕಳಿಸುತ್ತಿದ್ದೆ. ಆದರೂ ಕೊನೆಗೆ ಬಗೆಹರಿದಿದೆ ಎಂದು ಬರೆದೇ ಕೊಟ್ಟಿದ್ದಾಳೆ. ಬರವಣಿಗೆಯಲ್ಲಿ ಕೊಟ್ಟ ಮಾತು. ಹೆಸರಿಲ್ಲದ ಪರಕೀಯಳು ಮಾಡಿಕೊಟ್ಟ ಕೆಲಸವನ್ನು ಒಡಹುಟ್ಟಿದವಳು ಮಾಡಲಿಲ್ಲ. ಅದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇನೆ.

ಅಣ್ಣ

&nbsp;

ಏಪ್ರಿಲ್ ೨

ಅಣ್ಣನಿಗೆ ನಮಸ್ಕಾರಗಳು.

ನಿನ್ನ ಹದಿನೈದರ ಕಾಗದ ಇಪ್ಪತ್ತಮೂರಕ್ಕೆ ತಲುಪಿತು. ಉತ್ತರ ತಡವಾಯಿತು. ಆದ ಅಡಚಣೆಗೆ ವಿಷಾದಿಸುತ್ತೇನೆ. ಅಮ್ಮನ ವಿಚಾರದಲ್ಲಿ ನಿನ್ನ ಬೇಸರ ನನಗೆ ಅರ್ಥವಾಗುತ್ತದೆ. ಮುಂದೆ ಹೀಗಾಗದಂತೆ ನೋಡಿಕೊಳ್ಳಲು ಬದ್ಧಳಾಗಿದ್ದೇನೆ.

ಅತ್ತಿಗೆಯ ಮಂಡಿನೋವು ಹೇಗಿದೆ? ನಿನ್ನ ಆರೋಗ್ಯ ನೋಡಿಕೋ. ಕಂಪನಿಯವರು ಹೇಳಿದ್ದನ್ನು ತೆರೆದು ನೋಡಿದೆಯಾ? ನೋಡಿದ್ದರೆ ತಿಳಿಸು.

ತಂಗಿ

&nbsp;

ಏಪ್ರಿಲ್ ೯

ತಂಗಿಗೆ,

ನಿನ್ನ ಕಾಗದ ನನ್ನನ್ನು ಒಂದು ಗಂಟೆ ಸಂತೋಷವಾಗಿ ಇಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ. ಅಡುಗೆಮನೆಗೆ ಹೋಗಿ ನಿನ್ನ ಅತ್ತಿಗೆಗೆ ಓದಿ ಹೇಳಿದೆ. “ನೋಡಿದ್ಯಾ, ಕೊನೆಗೂ ಕರಗಿದ್ಲು. ಎಷ್ಟು ಚೆನ್ನಾಗಿ ಬರ್ದಿದಾಳೆ” ಎಂದೆ. ಅವಳು ಸೌಟು ಹಿಡಿದುಕೊಂಡೇ, “ಅವ್ಳು ಯಾವತ್ತು ರೀ ಹೀಗೆ ಮಾತಾಡಿದ್ದು? ಯಾರೋ ಬಾಡಿಗೆಗೆ ಬರ್ಕೊಟ್ಟ ಹಾಗಿದೆ” ಎಂದಳು.

ಕಾಗದ ಮಡಚಿಕೊಂಡು ಹೊರಗೆ ಬಂದೆ. ಮೊದಲು ಕಂಪನಿಯ ಪುಟ ತೆರೆದು ಅಮ್ಮನ ನಂಬರು ಹಾಕಿದೆ. ಬಗೆಹರಿದಿದೆ ಎಂದು ಬರೆದುಕೊಟ್ಟಿದ್ದರಲ್ಲ, ಅದನ್ನು ನಂಬಿ ಅಷ್ಟು ದಿನ ನೋಡಿರಲೇ ಇಲ್ಲ. ಗುಟ್ಟಿನ ಸಂಖ್ಯೆಯನ್ನೂ ಕೇಳದೆ ‘ಇಲ್ಲಿ ಯಾವ ಸಂದೇಶವೂ ಇಲ್ಲ’ ಎಂದು ತೋರಿಸಿತು. ಮತ್ತೆ ತೆರೆದೆ. ಮತ್ತೆ ಅದೇ. ಎಷ್ಟು ಸಲ ಎಂದು ಎಣಿಸಿಲ್ಲ.

ಆಮೇಲೆ ಆ ಪ್ರಿಂಟನ್ನೂ ನಿನ್ನ ಕಾಗದವನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಇಪ್ಪತ್ತೆಂಟು ವರ್ಷ ಕರಡು ತಿದ್ದಿದವನು ನಾನು. ಎರಡು ಹಾಳೆ ಒಂದೇ ಕೈಯಿಂದ ಬಂದಿದ್ದರೆ ನನಗೆ ತಿಳಿಯುತ್ತದೆ. ಅಡಚಣೆ, ವಿಷಾದ, ಬೇಸರ ಅರ್ಥವಾಗುತ್ತದೆ, ಬದ್ಧ. ಅದೇ ಮಾತು, ಅದೇ ಕ್ರಮ. ‘ನಾವು’ ಇದ್ದ ಕಡೆ ‘ನಾನು’ ಆಗಿದೆ, ಅಷ್ಟೇ.

ಸಹಾಯಕಿ ಹದಿನೇಳು ಯಾರು? ಒಂದು ಪದದಲ್ಲಿ ಬರೆ. ನಿನಗೆ ಅದು ಚೆನ್ನಾಗಿ ಬರುತ್ತದೆ.

ಅಣ್ಣ

&nbsp;

ಏಪ್ರಿಲ್ ೧೪

ನಾನು.

ನಿನ್ನ ಹದಿನೈದರ ಕಾಗದವನ್ನು ಬಸ್ಸಿನಲ್ಲಿ ಓದಿದೆ. ನನ್ನ ಸ್ಟಾಪು ದಾಟಿಹೋಯಿತು. ನಮ್ಮ ಆಫೀಸು ಇಪ್ಪತ್ತು ಕಂಪನಿಗಳ ಪರವಾಗಿ ಉತ್ತರ ಕೊಡುತ್ತದೆ. ಅದರಲ್ಲಿ ಅದೂ ಒಂದು. ಗ್ರಾಹಕರ ಹೆಸರು ನಮಗೆ ಕಾಣುವುದಿಲ್ಲ, ನಂಬರಿನ ಕೊನೆಯ ಎರಡು ಅಂಕಿ ಮಾತ್ರ. ಏಳು ಕಿಟಕಿ ಒಟ್ಟಿಗೆ ತೆರೆದಿರುತ್ತವೆ. ಐದು ಸಾಲಿಗಿಂತ ಉದ್ದ ಬರೆದರೆ ಯಂತ್ರ ಅದನ್ನು ಒಂದು ಸಾಲಿಗೆ ಇಳಿಸಿ ಮೇಲೆ ತೋರಿಸುತ್ತದೆ. ನಾವು ಆ ಸಾಲನ್ನು ಓದಿ ಗುಂಡಿ ಒತ್ತುತ್ತೇವೆ. ಗುಂಡಿಯಲ್ಲಿ ವಾಕ್ಯಗಳು ಸಿದ್ಧವಾಗಿರುತ್ತವೆ. ವಿಷಾದ ಎರಡನೆಯದು, ಬೇಸರ ನಾಲ್ಕನೆಯದು.

ಮಾರನೆಯ ದಿನ ಊಟದ ಬಿಡುವಿನಲ್ಲಿ, ಮುಚ್ಚಿದ ಸಂಭಾಷಣೆಗಳ ಪಟ್ಟಿಯಿಂದ ನಿನ್ನದನ್ನು ತೆಗೆದೆ. ನಿನ್ನ ಮೂವತ್ತೊಂದು ಸಾಲಿನ ಮೇಲೆ ಯಂತ್ರ ಬರೆದಿತ್ತು: ‘ಖಾತೆ ಬಗ್ಗೆ ವಿಚಾರಣೆ’. ನಾನು ಓದಿದ್ದು ಅಷ್ಟೇ. ಕೆಳಗೆ ‘ನನ್ನ ತಾಯಿಯವರು ಜನವರಿ ಹನ್ನೊಂದರಂದು ಕಾಲವಾದರು’ ಎಂದು ಇತ್ತು. ತಾಯಿಯವರು ಎನ್ನುವವನು ಈ ಲೋಕದಲ್ಲಿ ಯಾರೆಂದು ನನಗೆ ಗೊತ್ತಿಲ್ಲವೇ? ಅಲ್ಲಿಗೆ ಒಂದು ಕಣ್ಣು ಹಾಯಿಸಿದ್ದರೂ ಸಾಕಿತ್ತು. ಮೇಲಿನ ಮೇಜಿಗೆ ಕಳಿಸಿದ್ದರೆ ಅಳಿಸುವುದನ್ನು ತಡೆಯುತ್ತಿದ್ದರು. ಬಗೆಹರಿದಿದೆ ಎಂದು ಒತ್ತಿದರೆ ಮೇಲಕ್ಕೆ ಹೋಗುವುದಿಲ್ಲ. ಮೇಲಿನವರ ಕಾಲು ಹಿಡಿದೆ. “ಇಪ್ಪತ್ತಕ್ಕೇ ಹೋಯ್ತಮ್ಮಾ, ಇನ್ನೇನೂ ಇಲ್ಲ” ಎಂದರು.

ಅದನ್ನು ನಿನಗೆ ಬರೆಯಲು ಎಂಟು ದಿನ ಕೂತೆ. ಬೇರೆ ಮಾತೇ ಬರಲಿಲ್ಲ. ಬಂದದ್ದೆಲ್ಲ ಗುಂಡಿಯೊಳಗಿನ ಮಾತು. ನಿನ್ನನ್ನು ಅಣಕಿಸಿದ್ದಲ್ಲ, ಬಿಡು, ನೀನು ನಂಬುವುದಿಲ್ಲ.

ಇನ್ನೊಂದು ಇದೆ, ಅದನ್ನೂ ತಗೋ. ಅಮ್ಮನ ಫೋನಿಗೆ ಮಾರ್ಚ್ ಹತ್ತರಂದೇ ಚಾರ್ಜ್ ಮಾಡಿದ್ದೆ. ನನ್ನ ಬ್ಯಾಗಿನಲ್ಲೇ ಇತ್ತು. ನಿನಗೆ ಉತ್ತರ ಕೊಡುವಾಗಲೂ ಕಾಲ ಬಳಿ ಇತ್ತು. ಇನ್ನೊಂದು ಸಲ ಕೇಳಲಿ, ಆಮೇಲೆ ಕಳಿಸೋಣ ಎಂದುಕೊಂಡಿದ್ದೆ. ನೀನು ಗೋಗರೆಯುವುದನ್ನು ನೋಡಬೇಕಿತ್ತು ನನಗೆ.

ನೀನೇನು ಕಮ್ಮಿಯಿಲ್ಲ. ‘ಅಮ್ಮನ ದನಿ ಹೋಗ್ತಿದೆ, ಉಳಿಸಿ’ ಎಂದು ಒಂದೇ ಒಂದು ಸಾಲು ಮನುಷ್ಯರ ಹಾಗೆ ಬರೆದಿದ್ದರೆ ಯಂತ್ರ ಅದನ್ನು ಮುಟ್ಟುತ್ತಿರಲಿಲ್ಲ, ಹಾಗೇ ನನ್ನ ಕಣ್ಣಿಗೆ ಬೀಳುತ್ತಿತ್ತು. ಅಚ್ಚಿಗೆ ಕಳಿಸುವವನ ಹಾಗೆ ಬರೆದೆ.

ನನ್ನ ಬಳಿ ಅವಳ ಒಂದು ದನಿಯೂ ಇಲ್ಲ. ಒಂದೇ ಮನೆಯಲ್ಲಿ ಇದ್ದವಳನ್ನು ಯಾರು ರೆಕಾರ್ಡ್ ಮಾಡಿಕೊಳ್ಳುತ್ತಾರೆ? ನಮ್ಮ ಕೋಪ ಇಳಿದ ಮೇಲೆ ಎಂದಾದರೂ ನಿನ್ನನ್ನೇ ಕೇಳೋಣ ಎಂದಿದ್ದೆ.

&nbsp;

ಮೇ ೩೦

ತಂಗಿಗೆ,

ನಲವತ್ತು ದಿನದ ಮೇಲಾಯಿತು. ಬರೆದದ್ದನ್ನೆಲ್ಲ ಹರಿದುಹಾಕಿದೆ. ನಿನ್ನ ಮುಖ ನೋಡುವ ಆಸೆ ನನಗಿಲ್ಲ, ನೀನೂ ಬರಬೇಡ.

ಈ ಕಾಗದದ ಜೊತೆ ಒಂದು ನೋಟುಬುಕ್ಕು ಕಳಿಸಿದ್ದೇನೆ. ಅಮ್ಮ ಸಂದೇಶ ಕಳಿಸಲು ಕಲಿತ ಮೊದಲ ವರ್ಷ ಅವಳ ಮಾತನ್ನು ಕೇಳಿ ಕೇಳಿ ಇದರಲ್ಲಿ ಇಳಿಸಿಕೊಂಡಿದ್ದೆ. ನಲವತ್ತಮೂರು ಸಂದೇಶ. ಆಮೇಲೆ ದನಿಯೇ ಇದೆಯಲ್ಲ ಎಂದು ನಿಲ್ಲಿಸಿದೆ. ಇವತ್ತು ಉಳಿದದ್ದು ಇಷ್ಟೇ.

ಕಷ್ಟವೇನೆಂದರೆ, ಇಳಿಸುವಾಗ ತಿದ್ದಿದ್ದೇನೆ. ಬೇಕೆಂದು ಮಾಡಿದ್ದಲ್ಲ, ಕೈಯ ಅಭ್ಯಾಸ. ಅವಳು ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ ಮಾಡಿದೆ. ಎರಡೆರಡು ಸಲ ಹೇಳಿದ್ದನ್ನು ಒಂದು ಮಾಡಿದೆ. ಈಗ ಓದಿದರೆ ಯಾವುದೋ ಪಠ್ಯಪುಸ್ತಕದ ತಾಯಿ ಮಾತಾಡಿದಂತಿದೆ. ಕಣ್ಣು ಮುಚ್ಚಿ ಅವಳ ದನಿಯನ್ನು ನೆನೆಸಿಕೊಳ್ಳಲು ನೋಡುತ್ತೇನೆ, ನಾನು ತಿದ್ದಿದ ವಾಕ್ಯವೇ ನೆನಪಿಗೆ ಬರುತ್ತದೆ. ಭಯವಾಗುತ್ತಿದೆ.

ನೀನು ಮೂರು ವರ್ಷ ಅವಳ ಪಕ್ಕದಲ್ಲಿದ್ದವಳು. ಅವಳು ಹೇಗೆ ಅನ್ನುತ್ತಿದ್ದಳೋ ಹಾಗೆ ಪ್ರತಿ ಸಾಲಿನ ಕೆಳಗೆ ಬರೆದು ಕಳಿಸು. ಉಪಕಾರ ಎಂದು ತಿಳಿಯಬೇಡ. ಹಾಳು ಮಾಡಿದವಳು ನೀನು, ನೀನೇ ಕೂತು ಸರಿಮಾಡು.

ಅಣ್ಣ

&nbsp;

ಜೂನ್ ೧೨

ಅಣ್ಣ,

ನೋಟುಬುಕ್ಕು ವಾಪಸು ಕಳಿಸಿದ್ದೇನೆ. ಹದಿನೆಂಟು ಪುಟ ಮಾಡಿದ್ದೇನೆ.

ಒಂದನೇ ಪುಟ: ‘ಮಗನೇ, ಊಟವಾಯಿತೇ? ಇಲ್ಲಿ ವಿಪರೀತ ಸೆಕೆ.’ ಅಮ್ಮ ನಿನ್ನನ್ನು ಯಾವ ಜನ್ಮದಲ್ಲಿ ಮಗನೇ ಎಂದಳು? ಕೆಳಗೆ ಬರೆದಿದ್ದೇನೆ ನೋಡು: “ಏನೋ, ಉಂಡ್ಯಾ? ಉಂಡ್ಯೇನೋ? ಇಲ್ಲಿ ಸೆಕೆ ಅಂದ್ರೆ ಸೆಕೆ, ಮೈಯೆಲ್ಲ ಬೆಂದುಹೋಯ್ತು. ಈ ಗುಂಡಿ ಕೆಂಪಗೆ ಉರೀತಾ ಇದೆ ಕಣೋ, ಮಾತು ಹೋಗ್ತಿದೆಯೋ ಇಲ್ವೋ.” ಎರಡು ಸಲ ಕೇಳದೆ ಅವಳು ಯಾರನ್ನೂ ಊಟ ಕೇಳಿದ್ದಿಲ್ಲ. ಏಳನೇ ಪುಟದಲ್ಲಿ ‘ವೈದ್ಯರು ವಿಶ್ರಾಂತಿ ಸೂಚಿಸಿದ್ದಾರೆ’ ಎಂದಿದ್ದೀಯ. ಡಾಕ್ಟರನ್ನು ಅವಳು ಕರೆಯುತ್ತಿದ್ದದ್ದು ‘ಆ ಸೂಜಿ ಚುಚ್ಚೋನು’ ಎಂದು. ಬರೆಯುತ್ತ ನಕ್ಕೆ. ನಕ್ಕು ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನಗೆ ಹೇಳಬೇಕೆಂದಿರಲಿಲ್ಲ, ಬರೆದುಬಿಟ್ಟೆ, ಇರಲಿ.

ಬರೆಯುತ್ತ ಹೋದಂತೆ ಅವಳು ಬಂದು ಪಕ್ಕದಲ್ಲಿ ಕೂತಳು. ಹತ್ತೊಂಬತ್ತನೇ ಪುಟಕ್ಕೆ ಬಂದಾಗ ಎದ್ದು ಹೋದಳು.

ಅಲ್ಲಿ ಇದೆ ನೀನು ಗ್ರೂಪಿನಲ್ಲಿ ಹಾಕಿದ ಮಾತು. ‘ಮಗಳು ಸದಾ ಕೆಲಸದಲ್ಲಿ ನಿರತಳಾಗಿರುತ್ತಾಳೆ. ನನ್ನೊಡನೆ ಮಾತನಾಡುವುದಿಲ್ಲ.’ ನಿನ್ನದೇ ಕೈಬರಹ, ಕೆಂಪು ಪೆನ್ನಿನ ಗೀಟು ಸಮೇತ. ಇದರ ಕೆಳಗೆ ಏನು ಬರೆಯಲಿ? ನಾಲ್ಕು ದಿನದಿಂದ ಆ ಪುಟ ತೆರೆದುಕೊಂಡು ಕೂತಿದ್ದೇನೆ. ಬೇರೆಲ್ಲ ಸಾಲಿನಲ್ಲಿ ಅವಳು ಹೇಗೆ ಅಂದಿರುತ್ತಾಳೆಂದು ನನಗೆ ಗೊತ್ತು. ನನ್ನ ಬಗ್ಗೆ ನಿನ್ನ ಹತ್ತಿರ ಹೇಗೆ ಅಂದಳೆಂದು ನನಗೆ ಗೊತ್ತಿಲ್ಲ. ಬೈದಳೇ? ಅತ್ತಳೇ? ಜನವರಿಯಿಂದ ಈ ಒಂದು ವಾಕ್ಯವನ್ನು ನುಂಗಿಕೊಂಡು ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ.

ಜಾಗ ಖಾಲಿ ಬಿಟ್ಟಿದ್ದೇನೆ. ಅವಳು ಅಂದದ್ದು ಏನೋ ಅದನ್ನು ಹೇಳು. ನಿನ್ನ ಭಾಷೆಯಲ್ಲಿ ಬೇಡ. ಎಷ್ಟು ಕೆಟ್ಟದಾಗಿದ್ದರೂ ಅವಳ ಬಾಯಲ್ಲೇ ಹೇಳು.

ತಂಗಿ

&nbsp;

ಜೂನ್ ೧೯

ತಂಗಿಗೆ,

ನಿನ್ನ ಹದಿನೆಂಟು ಪುಟ ಓದಿದೆ. ಹನ್ನೊಂದನೆಯದರಲ್ಲಿ ಅವಳು ಗಂಟಲು ಸರಿಮಾಡಿಕೊಂಡು ಶುರು ಮಾಡಿದ್ದಳು, ಅದು ಬಿಟ್ಟುಹೋಗಿದೆ. ಅದನ್ನು ಹೇಗೆ ಬರೆಯುವುದೋ ನನಗೂ ಗೊತ್ತಿಲ್ಲ. ಉಳಿದದ್ದು ಅವಳೇ. ನಿನ್ನ ಅತ್ತಿಗೆ ಬಾಗಿಲ ಬಳಿ ನಿಂತು ಕೇಳಿ, “ಅತ್ತೆ ಬಂದ ಹಾಗಾಯ್ತು” ಎಂದಳು.

ಹತ್ತೊಂಬತ್ತನೇ ಪುಟಕ್ಕೆ ಮೂರು ದಿನ ಹಿಡಿಯಿತು. ಪ್ರೆಸ್ಸಿನ ಹಿಂದೆ ರದ್ದಿ ಕಾಗದ ಪೇರಿಸುವ ಕೋಣೆಯಿದೆ. ಅಲ್ಲಿ ಬಾಗಿಲು ಹಾಕಿಕೊಂಡು ಆ ವಾಕ್ಯವನ್ನು ಗಟ್ಟಿಯಾಗಿ ಹೇಳಿಕೊಂಡೆ. ನನ್ನ ವಾಕ್ಯ ಬಾಯಿಗೆ ಬಂತು. ನಿನ್ನ ಹದಿನೆಂಟು ಪುಟವನ್ನು ಮೊದಲಿನಿಂದ ಗಟ್ಟಿಯಾಗಿ ಓದುತ್ತ ಬಂದು, ನಿಲ್ಲಿಸದೆ ಹತ್ತೊಂಬತ್ತಕ್ಕೆ ಹೋದೆ. ಆಗ ಬಂತು. ಅವಳು ಅಂದದ್ದು ಇದು:

“ಅವ್ಳಿಗೆಲ್ಲಿ ಪುರುಸೊತ್ತು, ಪಾಪ. ಬೆಳಗಿಂದ ಊರವರಿಗೆಲ್ಲ ಉತ್ರ ಕೊಟ್ಟು ಕೊಟ್ಟು ಬರ್ತಾಳೆ, ಬೆರಳು ನೋಯ್ತವೆ. ಮನೇಲಾದ್ರೂ ಸುಮ್ನೆ ಕೂತ್ಕೊಳ್ಲಿ ಅಂತ ನಾನೇ ಮಾತಾಡ್ಸಲ್ಲ ಕಣೋ. ಬಂದು ಕಾಲ ಹತ್ರ ಕೂತ್ಕೋತಾಳೆ. ಅಷ್ಟು ಸಾಕು ನಂಗೆ.”

‘ಪಾಪ’ ಇತ್ತು. ಅರ್ಥಕ್ಕೆ ಬೇಡದ ಪದ ಎಂದು ತೆಗೆದೆ. ಬೆರಳಿನ ಮಾತು ವಿಷಯಾಂತರ ಎಂದು ತೆಗೆದೆ. ಕಾಲ ಹತ್ತಿರ ಕೂರುವುದನ್ನು ಏಕೆ ತೆಗೆದೆ ಎಂದು ಗೊತ್ತಿಲ್ಲ. ಗೊತ್ತಿದೆ. ನಾನು ಅಲ್ಲಿ ಕೂತಿರಲಿಲ್ಲ, ಅದಕ್ಕೆ. ನೀನು ಆರುನೂರ ಹನ್ನೊಂದನ್ನೂ ಓದದೆ ಅಳಿಸಿದೆ. ನಾನು ಇದೊಂದನ್ನು ಕಿವಿಯಾರೆ ಕೇಳಿ, ಅರ್ಥ ಮಾಡಿಕೊಂಡು ಅಳಿಸಿದೆ. ಆಮೇಲೆ ಉಳಿದದ್ದನ್ನು ತಂದು ನಲವತ್ತು ಜನರ ಮುಂದೆ ನಿನ್ನ ಮುಖಕ್ಕೆ ಎಸೆದೆ.

ನಿನ್ನ ಮೇಲಿನ ಕೋಪ ಇನ್ನೂ ಇಳಿದಿಲ್ಲ. ಆ ಬ್ಯಾಗಿನಲ್ಲಿದ್ದ ಫೋನನ್ನು ನೆನೆದರೆ ಮೈ ಉರಿಯುತ್ತದೆ. ನೀನೂ ನನ್ನನ್ನು ಕ್ಷಮಿಸಬೇಕಾಗಿಲ್ಲ.

ನೋಟುಬುಕ್ಕು ಮತ್ತೆ ಕಳಿಸಿದ್ದೇನೆ. ಹತ್ತೊಂಬತ್ತನೇ ಪುಟದಲ್ಲಿ ನೀನು ಬಿಟ್ಟ ಜಾಗ ಹಾಗೇ ಇದೆ. ಮೇಲಿನ ಮಾತನ್ನು ಅಲ್ಲಿ ನಿನ್ನ ಕೈಯಲ್ಲೇ ಬರೆ. ನಾನು ಬರೆದರೆ ಮತ್ತೆ ತಿದ್ದಿಬಿಡುತ್ತೇನೆ.

ಅಣ್ಣ